ಹಿಂದಿನಿಂದ ಸೈರನ್ ಕೇಳಿಸಿದಾಗ

ಕಳೆದ ಮಳೆಗಾಲದ ಒಂದು ಶನಿವಾರ ನಾವು ಗಂಡ ಹೆಂಡತಿ ಇಬ್ಬರೂ ಮಂಗಳೂರಿಗೆ ಹೋಗಿದ್ದೆವು. ತಂಗಿಯ ಮಗಳ ಮದುವೆಗೆ ಬಟ್ಟೆ ತರುವ ಕೆಲಸ. ಮರಳಿ ಬರುವಾಗ ಒಂದು ದೊಡ್ಡ ವೃತ್ತದಲ್ಲಿ ಕೆಂಪು ದೀಪ ಬಿತ್ತು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಮ್ಮದೇ ಕಾರು. ಗಾಜು ಏರಿಸಿತ್ತು, ಎಸಿ ಓಡುತ್ತಿತ್ತು, ಮದುವೆಯ ಖರ್ಚಿನ ಲೆಕ್ಕ ನಡೆದಿತ್ತು. ಸೈರನ್ ಕೇಳಿಸಿದಾಗ ಅದು ಎಲ್ಲಿಂದ ಬರುತ್ತಿದೆ ಎಂದು ಮೊದಲು ತಿಳಿಯಲೇ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಆಂಬ್ಯುಲೆನ್ಸ್ ನಮ್ಮ ಬೆನ್ನಿಗೇ ಬಂದು ನಿಂತಿದೆ. ಎಡಕ್ಕೆ ಬಸ್ಸು, ಬಲಕ್ಕೆ ಡಿವೈಡರ್, ಮುಂದೆ ಅಡ್ಡರಸ್ತೆಯಲ್ಲಿ ವಾಹನಗಳ ಓಟ.

ನಾವು ಕದಲಲಿಲ್ಲ. ಕೆಂಪು ದೀಪ ಇದೆಯಲ್ಲ ಎಂದು ನಮ್ಮಲ್ಲಿ ಒಬ್ಬರು, ಜೀವ ಹೋಗುತ್ತಿದೆಯಲ್ಲ ಎಂದು ಇನ್ನೊಬ್ಬರು. ಸ್ಟಿಯರಿಂಗ್ ಹಿಡಿದಿದ್ದವರು ಯಾರು ಎಂದು ಇಲ್ಲಿ ಬರೆಯುವುದು ಬೇಡ, ಆ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಹಿಂದಿನಿಂದ ಮೈಕಿನಲ್ಲಿ ‘ಸೈಡ್, ಸೈಡ್’ ಎಂಬ ಕೂಗು. ಹಿಂದಿದ್ದವರೆಲ್ಲ ಹಾರ್ನ್ ಒತ್ತತೊಡಗಿದರು. ಕೊನೆಗೆ ಗಾಬರಿಯಲ್ಲಿ ಒಮ್ಮೆಲೇ ಕಾರನ್ನು ಮುಂದಕ್ಕೆ ನುಗ್ಗಿಸಿದೆವು. ಅಡ್ಡರಸ್ತೆಯಿಂದ ಬರುತ್ತಿದ್ದ ಸ್ಕೂಟರೊಂದು ನಮ್ಮ ಬಂಪರಿಗೆ ಒಂದು ಗೇಣು ದೂರದಲ್ಲಿ ಜಾರಿ ನಿಂತಿತು. ಓಡಿಸುತ್ತಿದ್ದದ್ದು ಕಾಲೇಜಿಗೆ ಹೋಗುವ ಪ್ರಾಯದ ಹುಡುಗಿ. ಅವಳಿಗೆ ಏನೂ ಆಗಲಿಲ್ಲ. ಆಂಬ್ಯುಲೆನ್ಸ್ ಹೋಯಿತು. ನಾವು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ಕೂತೆವು. ಒಂದು ಜೀವ ಉಳಿಸಲು ಹೋಗಿ ಇನ್ನೊಂದನ್ನು ತೆಗೆಯುವುದರಲ್ಲಿದ್ದೆವು.

ಈ ಲೇಖನ ಹುಟ್ಟಿದ್ದು ಆ ಹೊತ್ತಿನಲ್ಲಿ. ದಾರಿ ಬಿಡಬೇಕು ಎಂಬುದು ಎಲ್ಲರಿಗೂ ಗೊತ್ತು. ಹೇಗೆ ಬಿಡಬೇಕು ಎಂಬುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಬರೆದೆವು, ಹಿಮ್ಮುಖ ಓಡಿಸಿದೆವು, ಅಷ್ಟೇ.

ಕಾಸರಗೋಡಿನ ನಮಗೆ ಈ ವಿಷಯ ಬೇರೆಯವರಿಗಿಂತ ಹೆಚ್ಚು ಹತ್ತಿರದ್ದು. ಕುಂಬಳೆ, ಉಪ್ಪಳ, ಮಂಜೇಶ್ವರ, ಬದಿಯಡ್ಕ, ಪೆರ್ಲ, ಎಲ್ಲಿಯೇ ಆಗಲಿ, ಎದೆನೋವು ಎಂದರೆ ನಮ್ಮ ಬಾಯಿಗೆ ಮೊದಲು ಬರುವ ಊರು ಮಂಗಳೂರು. ರಾಜ್ಯ ಬೇರೆಯಾದರೂ ಆಸ್ಪತ್ರೆ ಅಲ್ಲಿಯೇ. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. ಆ ದಾರಿಯಲ್ಲಿ ಹೋಗಿ ಬದುಕಿ ಬಂದವರು, ಬಾರದವರು ನಮ್ಮ ಪ್ರತಿಯೊಂದು ವಾಳೆಯಲ್ಲಿಯೂ ಇದ್ದಾರೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಆ 50 ಕಿಲೋಮೀಟರಿನ ಬೆಲೆ ಏನೆಂದು ನಮಗೆ ತಿಳಿಯಿತು. ರೋಗಿಗಳಿದ್ದ ಆಂಬ್ಯುಲೆನ್ಸುಗಳು ಗಡಿಯಿಂದ ಹಿಂದಿರುಗಿದವು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಏಪ್ರಿಲ್ 1ರಂದು ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ತೆರೆಸಬೇಕೆಂದು ಕೇಂದ್ರಕ್ಕೆ ಆದೇಶವಾಯಿತು. ನಂತರ ಸುಪ್ರೀಂ ಕೋರ್ಟಿನ ಮುಂದೆ, ಏಪ್ರಿಲ್ 7ರಂದು, ಎರಡೂ ರಾಜ್ಯಗಳು ಒಂದು ವ್ಯವಸ್ಥೆಗೆ ಒಪ್ಪಿದ್ದು ದಾಖಲಾಯಿತು. ಆಗ ನಾವೆಲ್ಲ ಮಣ್ಣಿನ ರಾಶಿಯನ್ನು ಬೈದೆವು. ಈಗ ಅದೇ ರಸ್ತೆಯಲ್ಲಿ ನಮ್ಮ ಕಾರು ಆ ಮಣ್ಣಿನ ರಾಶಿಯಂತೆ ಅಡ್ಡ ನಿಲ್ಲುತ್ತದೆಯೇ ಎಂದು ಕೇಳಿಕೊಳ್ಳುವವರು ಕಡಿಮೆ.

ಇದಕ್ಕೆ ವಿರುದ್ಧವಾದ ಚಿತ್ರವನ್ನೂ ಇದೇ ರಸ್ತೆ ಕಂಡಿದೆ. 2019ರ ಏಪ್ರಿಲ್ 16ರಂದು ಹದಿನೈದು ದಿನದ ಒಂದು ಹಸುಗೂಸನ್ನು ಹೃದಯದ ಶಸ್ತ್ರಚಿಕಿತ್ಸೆಗಾಗಿ ಮಂಗಳೂರಿನಿಂದ ಆಂಬ್ಯುಲೆನ್ಸಿನಲ್ಲಿ ಕೇರಳದ ದಕ್ಷಿಣಕ್ಕೆ ಒಯ್ದರು. ಮಗುವಿನ ತಂದೆ ತಾಯಿ ನಮ್ಮ ಜಿಲ್ಲೆಯವರು. ಮೊದಲು ಹೊರಟದ್ದು ತಿರುವನಂತಪುರಕ್ಕೆ. ಅಷ್ಟು ದೂರ ಬೇಡವೆಂದು ಸರಕಾರವೇ ಮಧ್ಯೆ ಬಂದು ಕೊಚ್ಚಿಯ ಆಸ್ಪತ್ರೆಗೆ ತಿರುಗಿಸಿತು. ಸುಮಾರು 400 ಕಿಲೋಮೀಟರ್ ದಾರಿಯನ್ನು ಆ ಗಾಡಿ ಐದೂವರೆ ಗಂಟೆಯಲ್ಲಿ ಮುಗಿಸಿತು. ಮುಖ್ಯಮಂತ್ರಿಗಳು ದಾರಿ ಬಿಡಿರೆಂದು ಜನರಲ್ಲಿ ಕೇಳಿಕೊಂಡಿದ್ದರು. ಪೊಲೀಸರೂ ಸ್ವಯಂಸೇವಕ ಹುಡುಗರೂ ಒಂದೊಂದು ಜಂಕ್ಷನ್ನಿನಲ್ಲಿ ವಾಹನ ತಡೆದು ನಿಂತಿದ್ದರು. ಅದಕ್ಕೂ ಮೊದಲು 2017ರ ನವೆಂಬರಿನಲ್ಲಿ ಪರಿಯಾರಂನಿಂದ ತಿರುವನಂತಪುರಕ್ಕೆ, 500 ಕಿಲೋಮೀಟರಿಗೂ ಮಿಕ್ಕಿದ ದಾರಿ, ಏಳು ಗಂಟೆಯ ಒಳಗೆ ಇನ್ನೊಂದು ಮಗು ಹೋಗಿತ್ತು. ಈ ಓಟಗಳ ವೀಡಿಯೋ ನೋಡಿ ನಾವೆಲ್ಲ ಚಾಲಕರನ್ನು ಕೊಂಡಾಡಿದೆವು. ಕೊಂಡಾಡಬೇಕಾದದ್ದೇ. ಆದರೆ ಅಂದು ಎಡಕ್ಕೆ ಸರಿದು ನಿಂತ ಸಾವಿರಾರು ಲಾರಿ, ಬಸ್ಸು, ರಿಕ್ಷಾದವರು ಯಾವ ವೀಡಿಯೋದಲ್ಲೂ ಹೆಸರು ಪಡೆಯಲಿಲ್ಲ. ಹೆಸರಿರುವ ಓಟಕ್ಕೆ ದಾರಿ ಬಿಡುವುದು ಸುಲಭ. ಮಂಗಳವಾರ ಮಧ್ಯಾಹ್ನ, ಯಾರೆಂದು ತಿಳಿಯದ ಒಬ್ಬ ಮುದುಕನನ್ನು ಹೊತ್ತು ಬರುವ ಗಾಡಿಗೆ ಬಿಡುವುದು ಕಷ್ಟ.

ಮಂಗಳೂರಿನ ಆ ಘಟನೆಯ ನಂತರ ನಾವು ಒಬ್ಬ ಚಾಲಕರನ್ನು ಮಾತನಾಡಿಸಿದೆವು. ಉಪ್ಪಳದ ಕಡೆಯವರು, ನಮ್ಮ ಹಿತ್ತಿಲ ಆಚೆಯೇ ಅವರ ಮನೆ, ಹತ್ತು ಹದಿನೈದು ವರ್ಷದಿಂದ ಆಂಬ್ಯುಲೆನ್ಸ್ ಓಡಿಸುತ್ತಿದ್ದಾರೆ. ನಮ್ಮ ಕಥೆ ಕೇಳಿ ಅವರು ನಗಲಿಲ್ಲ.

‘ಬಾಯಮ್ಮ, ನೀವು ಮೊದಲು ನಿಂತದ್ದು ತಪ್ಪಲ್ಲ. ಆಮೇಲೆ ಹಾರಿದ್ದು ತಪ್ಪು’ ಎಂದರು. ‘ನಿಮ್ಮನ್ನು ಒಳ್ಳೆಯವರು ಎಂದು ನಾವು ಹೇಳುವುದು ನೀವು ಗಾಬರಿ ಆಗದಿದ್ದರೆ ಮಾತ್ರ. ನಮಗೆ ಬೇಕಾದ್ದು ನೀವು ಏನು ಮಾಡುತ್ತೀರಿ ಎಂದು ಮೊದಲೇ ಗೊತ್ತಾಗುವುದು. ಎಡದ ಇಂಡಿಕೇಟರ್ ಹಾಕಿದರೆ ಸಾಕು, ನಮಗೆ ಅರ್ಥ ಆಯಿತು, ನಾವು ಬಲದಿಂದ ಹೋಗುತ್ತೇವೆ. ಕೆಲವರು ಇಂಡಿಕೇಟರ್ ಎಡಕ್ಕೆ ಹಾಕಿ ಬಲಕ್ಕೆ ಬರುತ್ತಾರೆ. ಕೆಲವರು ನಡುರಸ್ತೆಯಲ್ಲಿ ಗಕ್ಕನೆ ಬ್ರೇಕ್ ಹಾಕುತ್ತಾರೆ. ನಾವೂ ಬ್ರೇಕ್ ಹಾಕಬೇಕು. ಹಿಂದೆ ಸಿಸ್ಟರ್ ನಿಂತುಕೊಂಡು ಡ್ರಿಪ್ ಹಿಡಿದಿರುತ್ತಾರೆ, ಅವರು ಬೀಳುತ್ತಾರೆ.’

ಗಾಡಿಯ ಒಳಗೆ ಏನಾಗುತ್ತದೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸಿರಲಿಲ್ಲ. ಸೊಂಟ ಮುರಿದವನಿಗೆ ಒಂದೊಂದು ಹಂಪ್ ಕೂಡ ಹೊಸ ಪೆಟ್ಟು. ಎದೆ ಒತ್ತಿ ಉಸಿರು ಹಿಡಿದಿಡುವ ಕೆಲಸ ನಡೆಯುತ್ತಿದ್ದರೆ ಗಾಡಿ ಹಾರಬಾರದು, ಹೊಯ್ದಾಡಬಾರದು. ಅವರಿಗೆ ಬೇಕಾದ್ದು ನಮ್ಮಿಂದ ವೇಗವಲ್ಲ, ತಡೆಯಿಲ್ಲದ ಒಂದೇ ಹದದ ಓಟ. ಆದ್ದರಿಂದಲೇ ಆಂಬ್ಯುಲೆನ್ಸಿನ ಮುಂದೆ ತಾವೇ ಹಾರ್ನ್ ಹಾಕುತ್ತಾ ದಾರಿ ಮಾಡಿಕೊಡಲು ಬೈಕಿನಲ್ಲಿ ಓಡುವ ಉತ್ಸಾಹಿಗಳ ಬಗ್ಗೆ ಅವರಿಗೆ ಸಿಟ್ಟು. ಹಿಂದಿನಿಂದ ಬೆನ್ನಿಗೆ ಅಂಟಿಕೊಂಡು, ತೆರವಾದ ದಾರಿಯಲ್ಲಿ ಧರ್ಮಕ್ಕೆ ಓಡುವ ಕಾರಿನವರ ಬಗ್ಗೆ ಅದಕ್ಕಿಂತ ಹೆಚ್ಚು. ‘ಅವರಿಗೆ ಮನೆಗೆ ಬೇಗ ಹೋಗಬೇಕು, ನಮ್ಮ ಸೈರನ್ ಅವರಿಗೆ ಟಿಕೇಟು’ ಎಂದರು.

ಅವರು ಹೇಳಿದ ಇನ್ನೊಂದು ಮಾತು ನಮ್ಮ ಒಳರಸ್ತೆಗಳಿಗೆ ಸಂಬಂಧಿಸಿದ್ದು. ಬಂದ್ಯೋಡಿನಿಂದ ಧರ್ಮತ್ತಡ್ಕಕ್ಕೆ ಹೋಗುವ ದಾರಿ, ಹೊಸಂಗಡಿಯಿಂದ ಆನೆಕಲ್ಲಿನ ಕಡೆಗಿನ ದಾರಿ, ಇಲ್ಲೆಲ್ಲ ಗುಡ್ಡೆಯ ತಿರುವುಗಳೇ ಹೆಚ್ಚು. ಸೈರನ್ ಕೇಳಿದ ಕೂಡಲೇ ತಿರುವಿನಲ್ಲಿಯೇ ನಿಲ್ಲಿಸಿಬಿಟ್ಟರೆ ಹಿಂದಿನ ಗಾಡಿಗೆ ಎದುರಿನಿಂದ ಏನು ಬರುತ್ತಿದೆ ಎಂದು ಕಾಣುವುದಿಲ್ಲ, ಹಾಗಾಗಿ ಅದು ಹೋಗಲಾರದು. ತಿರುವು ದಾಟಿ, ನೇರ ದಾರಿ ಬಂದಲ್ಲಿ, ಮಣ್ಣಿನ ಅಂಚಿಗೆ ಇಳಿಸಿ ನಿಲ್ಲಬೇಕು. ಮಳೆಗಾಲದಲ್ಲಿ ಆ ಅಂಚು ಗಟ್ಟಿಯಿದೆಯೇ ಎಂದು ನೋಡಿಯೇ ಇಳಿಸಬೇಕು. ಎದುರಿನಿಂದ ಬರುವವರಿಗೂ ಇದು ಅನ್ವಯಿಸುತ್ತದೆ. ಸೈರನ್ ಆಚೆ ಬದಿಯಿಂದ ಬರುತ್ತಿದೆ, ನಮಗೇನು ಎಂದುಕೊಂಡು ಅದೇ ವೇಗದಲ್ಲಿ ಬಂದರೆ ಆಂಬ್ಯುಲೆನ್ಸ್ ಯಾರನ್ನೂ ಹಿಂದಿಕ್ಕಲಾರದು.

ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66 ಆರು ಪಥವಾದ ಮೇಲೆ ಮುಖ್ಯರಸ್ತೆಯಲ್ಲಿ ಕಷ್ಟ ಕಡಿಮೆಯಾಗಿದೆ. ಎಡಕ್ಕೆ ಸರಿದು ಬಲಪಥವನ್ನು ಖಾಲಿ ಬಿಟ್ಟರಾಯಿತು. ಆದರೆ ಹೊಸ ಕೆಟ್ಟ ಅಭ್ಯಾಸವೂ ಬಂದಿದೆ. ಯೂ-ಟರ್ನಿಗೆ ದೂರ ಹೋಗಬೇಕಾಗುತ್ತದೆ ಎಂದು ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಲ್ಲಿ ಸ್ಕೂಟರ್ ಓಡಿಸುವವರು ಹೆಚ್ಚಾಗಿದ್ದಾರೆ. ಭಾನುವಾರ ಪೂಜೆಗೆ ಬರುವ ನಮ್ಮವರೂ ಅದರಲ್ಲಿದ್ದಾರೆ, ನಾವು ಕಣ್ಣಾರೆ ಕಂಡಿದ್ದೇವೆ. ಆಂಬ್ಯುಲೆನ್ಸ್ ಮನೆಗೆ ಬರಬೇಕಾದರೆ ಹೆದ್ದಾರಿಯಿಂದ ಇಳಿದು ಆ ಸರ್ವಿಸ್ ರಸ್ತೆಯಲ್ಲೇ ಬರಬೇಕು.

ಇನ್ನು ಕಾನೂನಿನ ಮಾತು. 1989ರ ರಸ್ತೆ ನಿಯಮಗಳಲ್ಲಿಯೇ ಅಗ್ನಿಶಾಮಕ ವಾಹನ ಅಥವಾ ಆಂಬ್ಯುಲೆನ್ಸ್ ಹತ್ತಿರ ಬಂದಾಗ ಚಾಲಕ ರಸ್ತೆಯ ಬದಿಗೆ ಸರಿದು ದಾರಿ ಬಿಡಬೇಕೆಂದಿತ್ತು. 2017ರಲ್ಲಿ ಅದರ ಬದಲಿಗೆ ಹೊಸ ಚಾಲನಾ ನಿಯಮಗಳು ಬಂದವು. ಅದರಲ್ಲಿ ಯಾರಿಗೆ ಮೊದಲು ದಾರಿ ಎಂಬ ಕ್ರಮವೂ ಇದೆ: ಮೊದಲು ಅಗ್ನಿಶಾಮಕ, ನಂತರ ಆಂಬ್ಯುಲೆನ್ಸ್, ನಂತರ ಪೊಲೀಸ್. ಫಯರ್ ಇಂಜಿನ್ ಮೊದಲು ಎಂಬುದು ನಮಗೆ ಆಶ್ಚರ್ಯವಾಗಿತ್ತು. ಆದರೆ ಬೆಂಕಿ ಹಿಡಿದ ಮನೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಯಾರಿಗೆ ಗೊತ್ತು? ಅದೂ ಅಲ್ಲದೆ ಸಾವಿರಾರು ಲೀಟರ್ ನೀರು ಹೊತ್ತ ಗಾಡಿ ನಮ್ಮ ಕಾರಿನಂತೆ ಬ್ರೇಕ್ ಹಿಡಿದಲ್ಲಿ ನಿಲ್ಲುವುದಿಲ್ಲ.

ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿ ಬಂದಾಗ 194-ಇ ಎಂಬ ಹೊಸ ಕಲಮು ಸೇರಿತು. ತುರ್ತು ವಾಹನಕ್ಕೆ ದಾರಿ ಬಿಡದವರಿಗೆ 6 ತಿಂಗಳವರೆಗಿನ ಸೆರೆವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಅದೇ ತಿದ್ದುಪಡಿಯಲ್ಲಿ ಕೆಂಪು ದೀಪ ದಾಟುವುದನ್ನು ಅಪಾಯಕರ ಚಾಲನೆಯೆಂದು ಎಣಿಸಿ ಅದಕ್ಕೂ ಶಿಕ್ಷೆ ಹೆಚ್ಚಿಸಿದರು. ಒಂದು ಕಡೆ ಬಾವಿ, ಒಂದು ಕಡೆ ಕೆರೆ ಎಂದು ಯಾರಿಗಾದರೂ ಅನಿಸಬಹುದು. ನಮಗೂ ಅನಿಸಿತ್ತು. ಆದರೆ ನಿಯಮವನ್ನು ಸರಿಯಾಗಿ ಓದಿದರೆ ಗೊಂದಲ ಅಷ್ಟಿಲ್ಲ. ಜೀವ ಉಳಿಸುವಂಥ ತುರ್ತಿನಲ್ಲಿ ಕೆಂಪು ದೀಪ ದಾಟಲು, ವೇಗದ ಮಿತಿ ಮೀರಲು, ಒನ್‌ವೇಯಲ್ಲಿ ಎದುರು ಹೋಗಲು ಅನುಮತಿಯಿರುವುದು ತುರ್ತು ವಾಹನಕ್ಕೆ. ಅದೂ ಎಚ್ಚರಿಕೆಯಿಂದ, ಹೊಣೆಯರಿತು. ನಮಗೆ ಆ ಅನುಮತಿ ಇಲ್ಲ. ನಮ್ಮ ಪಾಲಿಗೆ ಇರುವುದು ಬದಿಗೆ ಸರಿಯುವ ಕೆಲಸ ಮಾತ್ರ.

ಹಾಗಾದರೆ ನಾವು ಅಂದು ಏನು ಮಾಡಬೇಕಿತ್ತು? ಚಾಲಕರನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡದ್ದು ಇದು. ವೃತ್ತದಲ್ಲಿ ಪೊಲೀಸರಿದ್ದರೆ ಅವರ ಕೈ ನೋಡಬೇಕು, ಅವರ ಸನ್ನೆ ದೀಪಕ್ಕಿಂತ ಮೇಲು. ಪೊಲೀಸರಿಲ್ಲದಿದ್ದರೆ ಇಂಡಿಕೇಟರ್ ಹಾಕಿ, ಇರುವ ಜಾಗದಲ್ಲಿಯೇ ಓರೆಯಾಗಿ ಎಡಕ್ಕೆ ಒತ್ತಬೇಕು. ಎರಡು ಸಾಲಿನವರೂ ಒಂದೊಂದು ಅಡಿ ಹೊರಕ್ಕೆ ಒತ್ತಿದರೆ ನಡುವೆ ಒಂದು ಗಾಡಿಯ ದಾರಿ ಆಗುತ್ತದೆ. ಅದಕ್ಕಾಗಿಯೇ ಸಿಗ್ನಲಿನಲ್ಲಿ ಮುಂದಿನ ಗಾಡಿಗೆ ಮುತ್ತಿಡುವಷ್ಟು ಹತ್ತಿರ ನಿಲ್ಲಬಾರದು, ಚಕ್ರ ತಿರುಗಿಸುವಷ್ಟು ಜಾಗ ಇಟ್ಟುಕೊಳ್ಳಬೇಕು. ಏನೂ ಆಗದಿದ್ದರೆ ಅಡ್ಡರಸ್ತೆಯವರು ನಿಂತಿದ್ದಾರೆಂದು ಖಾತ್ರಿಯಾಗುವವರೆಗೆ ಕಾಯಬೇಕು. ಸೈರನ್ ಅವರಿಗೂ ಕೇಳಿಸುತ್ತದೆ, ಕೆಲವು ಕ್ಷಣಗಳಲ್ಲಿ ಅವರೂ ನಿಲ್ಲುತ್ತಾರೆ. ಹಾರ್ನ್‌ಗೆ ಹೆದರಿ ನುಗ್ಗಬಾರದು. ‘ಹತ್ತು ಸೆಕೆಂಡು ತಡವಾದರೆ ನಾನು ಮುಂದೆ ಹಿಡಿದುಕೊಳ್ಳುತ್ತೇನೆ. ನೀವು ಆಕ್ಸಿಡೆಂಟ್ ಮಾಡಿದರೆ ರಸ್ತೆಯೇ ಮುಚ್ಚಿತು, ನಾನೂ ಅಲ್ಲೇ’ ಎಂಬ ಅವರ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ.

ಜರ್ಮನಿಯಲ್ಲಿ ಕಾನೂನೇ ಹೀಗಿದೆ. ಹೆದ್ದಾರಿಯಲ್ಲಿ ವಾಹನಗಳು ನಡಿಗೆಯ ವೇಗಕ್ಕೆ ಇಳಿದ ಕೂಡಲೇ, ಸೈರನ್ ಕೇಳುವ ಮೊದಲೇ, ಎಡಪಥದವರು ಎಡಕ್ಕೂ ಉಳಿದವರು ಬಲಕ್ಕೂ ಸರಿದು ನಡುವೆ ದಾರಿ ಬಿಡಬೇಕು. ಅಷ್ಟು ದೂರ ಯಾಕೆ, ನಮ್ಮ ಮಕ್ಕಳೂ ತಮ್ಮಂದಿರೂ ದುಡಿಯುವ ಯುಎಇಯಲ್ಲಿ ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 3,000 ದಿರ್ಹಾಂ ದಂಡ, 6 ಕಪ್ಪು ಅಂಕ, 30 ದಿನ ಗಾಡಿ ಜಪ್ತಿ ಎಂಬ ನಿಯಮ 2020ರಲ್ಲಿ ಬಂತು. ದುಬೈಯಲ್ಲಿ ಬೆಕ್ಕಿನಂತೆ ಓಡಿಸುವ ನಮ್ಮ ಹುಡುಗರು ರಜೆಗೆ ಊರಿಗೆ ಬಂದು ಬಾಡಿಗೆ ಕಾರು ಹಿಡಿದ ಕೂಡಲೇ ಯಾಕೆ ಹುಲಿಯಾಗುತ್ತಾರೋ ತಿಳಿಯದು. ನಮ್ಮ ಮನೆಯಲ್ಲೂ ಅಂಥವನೊಬ್ಬ ಇದ್ದಾನೆ. ಈ ಲೇಖನ ಅವನಿಗೂ ತಲುಪಲಿ.

ಜನರ ಒಂದು ದೂರನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ‘ಒಳಗೆ ಯಾರೂ ಇರುವುದಿಲ್ಲ, ಸುಮ್ಮನೆ ಸೈರನ್ ಹಾಕುತ್ತಾರೆ’ ಎನ್ನುವವರು ಬಹಳ. ಹಾಗೆ ಮಾಡುವವರು ಇಲ್ಲವೆಂದು ಚಾಲಕರೂ ಹೇಳಲಿಲ್ಲ. ಅಂಥವರಿಂದ ತಮ್ಮ ಎಲ್ಲರ ಹೆಸರು ಕೆಡುತ್ತದೆ ಎಂದು ಬೇಸರಿಸಿದರು. ಆದರೆ ಖಾಲಿ ಗಾಡಿ ಎಂದರೆ ಎರಡು ಅರ್ಥ. ರೋಗಿಯನ್ನು ಬಿಟ್ಟು ಬರುವುದೂ ಖಾಲಿ, ರೋಗಿಯನ್ನು ತರಲು ಹೋಗುವುದೂ ಖಾಲಿ. ಎರಡನೆಯದರಲ್ಲಿ ಅವಸರ ಹೆಚ್ಚೇ ಹೊರತು ಕಡಿಮೆಯಲ್ಲ, ಯಾಕೆಂದರೆ ಎಲ್ಲೋ ಒಂದು ಅಂಗಳದಲ್ಲಿ ಯಾರೋ ಬಿದ್ದಿದ್ದಾರೆ, ಅವರ ಬಳಿ ಆಕ್ಸಿಜನ್ ಕೂಡ ಇಲ್ಲ. ರಸ್ತೆಯಲ್ಲಿ ನಿಂತು ಯಾವ ಖಾಲಿ ಎಂದು ಲೆಕ್ಕ ಹಾಕುವುದು ನಮ್ಮಿಂದಾಗದು.

ನೋಡಲು ಸೇರುವ ಜನರ ವಿಷಯವೂ ಇದೆ. 2010ರ ಮೇ 22ರಂದು ಮಂಗಳೂರು ವಿಮಾನ ದುರಂತವಾದಾಗ 158 ಜನ ತೀರಿಕೊಂಡರು, ಬದುಕಿದ್ದು 8 ಮಂದಿ. ಸತ್ತವರಲ್ಲಿ ನಮ್ಮ ಜಿಲ್ಲೆಯವರು ಬಹಳ ಇದ್ದರು. ವಿಮಾನ ಬಿದ್ದದ್ದು ಗುಡ್ಡದ ಕೆಳಗಿನ ಕಣಿವೆಯಲ್ಲಿ, ಅಲ್ಲಿಗೆ ದಾರಿ ಇಕ್ಕಟ್ಟು. ಸಹಾಯಕ್ಕೆ ಓಡಿದ ಸ್ಥಳೀಯರು ದೊಡ್ಡ ಕೆಲಸ ಮಾಡಿದರು. ನೋಡಲೆಂದೇ ಬಂದವರ ಜಂಗುಳಿಯೂ ಅದೇ ಇಕ್ಕಟ್ಟಿನ ದಾರಿಯಲ್ಲಿತ್ತು. ಈಗ ಸಣ್ಣ ಅಪಘಾತವಾದರೂ ಬೈಕು ರಸ್ತೆಯಲ್ಲೇ ನಿಲ್ಲಿಸಿ ಮೊಬೈಲ್ ಎತ್ತುತ್ತೇವೆ.

ಸಹಾಯ ಮಾಡಲು ಹೆದರುವ ಕಾಲವೂ ಒಂದಿತ್ತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಠಾಣೆ, ಕೋರ್ಟು ಅಲೆಯಬೇಕೆಂಬ ಭಯ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಆ ಭಯಕ್ಕೆ ಮದ್ದಾಗುವ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ 134-ಎ ಕಲಮಾಗಿ ಅದು ಕಾಯಿದೆಯ ಒಳಗೇ ಬಂತು. ಸಹಾಯ ಮಾಡಿದವನ ಮೇಲೆ ಕೇಸಿಲ್ಲ, ಹೆಸರು ಹೇಳೆಂದು ಒತ್ತಾಯವಿಲ್ಲ. ಆ ಕಲಮಿಗೆ ಇಂಗ್ಲಿಷಿನಲ್ಲಿ ಕೊಟ್ಟಿರುವ ಹೆಸರು ‘ಗುಡ್ ಸಮಾರಿಟನ್’. ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಸಾಮತಿ ನಮ್ಮ ಪಾರ್ಲಿಮೆಂಟಿನ ಕಾಯಿದೆಯಲ್ಲಿ ಹೀಗೆ ಕೂತಿದೆ. ಆ ಸಾಮತಿಯಲ್ಲಿ ಯಾಜಕನೂ ಲೇವಿಯನೂ ಆಚೆ ಬದಿಯಿಂದ ಹಾದು ಹೋದರು ಎಂದಿದೆ. ಅವರು ದಾರಿಗೆ ಅಡ್ಡವಾಗಿ ನಿಂತರು ಎಂದಂತೂ ಇಲ್ಲ.

ಚಾಲಕರು ಹೊರಡುವ ಮುನ್ನ ಇನ್ನೊಂದು ಮಾತು ಹೇಳಿದರು. ರಸ್ತೆಯಲ್ಲಿ ಉಳಿಸಿದ ಐದು ನಿಮಿಷ ಮನೆ ಹುಡುಕುವುದರಲ್ಲಿ ಹೋಗುತ್ತದೆಯಂತೆ. 108ಕ್ಕೆ ಫೋನ್ ಮಾಡಿದವರು ಮನೆಯೊಳಗೇ ಅಳುತ್ತಾ ಕೂರುತ್ತಾರೆ. ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಗೆ ಬಂದು ನಿಲ್ಲಬೇಕು. ಗೇಟಿನ ಮುಂದಿನ ಗಾಡಿ ತೆಗೆದಿಡಬೇಕು, ನಾಯಿ ಕಟ್ಟಬೇಕು. ‘ಮತ್ತೆ ಒಂದು ವಿಷಯ, ಬೇಸರ ಮಾಡಬೇಡಿ’ ಎಂದು ತಡೆದು ತಡೆದು ಹೇಳಿದರು. ‘ನಿಮ್ಮ ಇಗರ್ಜಿಯ ಹಬ್ಬದ ದಿನ ನಿಮ್ಮ ರಸ್ತೆಯಲ್ಲಿ ಗಾಡಿ ತರಲು ನಮಗೆ ಹೆದರಿಕೆ. ನಮ್ಮ ಮಸೀದಿಯ ಉರೂಸಿನಲ್ಲೂ ಹಾಗೆಯೇ.’

ಬೇಸರ ಮಾಡುವ ಹಾಗಿರಲಿಲ್ಲ. ಎರಡು ವರ್ಷದ ಹಿಂದೆ ವಾರ್ಷಿಕ ಹಬ್ಬದ ಪೂಜೆಯ ನಡುವೆ ವಯಸ್ಸಾದ ತಾಯಿಯೊಬ್ಬರು ಕುಸಿದು ಬಿದ್ದಾಗ ಗೇಟಿನಿಂದ ಮೆಟ್ಟಿಲವರೆಗೆ ಕಾರುಗಳೇ ತುಂಬಿದ್ದವು. ಆಂಬ್ಯುಲೆನ್ಸ್ ರಸ್ತೆಯಲ್ಲೇ ನಿಂತಿತು. ಯುವಕರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಬಿಸಿಲಿನಲ್ಲಿ ಹೊತ್ತು ನಡೆದರು. ಆ ಸಾಲಿನಲ್ಲಿ ನಮ್ಮ ಕಾರೂ ಇತ್ತು. ಮೈಕಿನಲ್ಲಿ ನಂಬರ್ ಓದಿದಾಗ ನಮ್ಮದಲ್ಲ ಎಂದು ಸಮಾಧಾನಪಟ್ಟಿದ್ದೆವು. ಆ ತಾಯಿ ಉಳಿದರು, ಈಗಲೂ ಮೊದಲ ಸಾಲಿನ ಬೆಂಚಿನಲ್ಲಿ ಕೂರುತ್ತಾರೆ.

ಈ ಸಲದ ಹಬ್ಬಕ್ಕೆ ಪಾಲನಾ ಪರಿಷತ್ತಿನಲ್ಲಿ ಇದನ್ನು ಇಟ್ಟೆವು. ಹೆಚ್ಚು ಮಾತಾಗಲಿಲ್ಲ, ಧರ್ಮಗುರುಗಳು ಹಗ್ಗ ತರಿಸಿದರು. ಗೇಟಿನಿಂದ ಮೆಟ್ಟಿಲವರೆಗೆ ಹನ್ನೆರಡು ಅಡಿ ಅಗಲ ಬಿಟ್ಟು ಎರಡೂ ಬದಿಗೆ ಹಗ್ಗ ಕಟ್ಟಿಸಿದೆವು. ಕಾರುಗಳಿಗೆ ಶಾಲೆಯ ಮೈದಾನ. ನಡೆಯಲಾಗದವರನ್ನು ಮೆಟ್ಟಿಲ ಬಳಿ ಇಳಿಸಿ ಗಾಡಿ ಮೈದಾನಕ್ಕೆ ಹೋಗಬೇಕು. ಕೆಲವರು ಗೊಣಗಿದರು. ಹೊಸ ಸೀರೆಗೆ ಮಣ್ಣಾಯಿತು ಎಂದರು. ಬೆಳಿಗ್ಗೆ ಹತ್ತರಿಂದ ಸಂಜೆ ನಾಟಕ ಮುಗಿಯುವವರೆಗೆ ಆ ಹನ್ನೆರಡು ಅಡಿ ಹಾಗೆಯೇ ಖಾಲಿ ಬಿದ್ದಿತ್ತು. ಮಕ್ಕಳು ಅದರಲ್ಲಿ ಓಡಾಡಿ ಆಡಿದರು. ಯಾವ ಆಂಬ್ಯುಲೆನ್ಸೂ ಬರಲಿಲ್ಲ. ರಾತ್ರಿ ಹಗ್ಗ ಬಿಚ್ಚಲು ಬಂದ ಹುಡುಗರಿಗೆ ನಾವು, ಕೊನೆಯ ಕಾರು ಹೋಗಲಿ, ಆಮೇಲೆ ಬಿಚ್ಚಿ ಎಂದೆವು.